ಎರಡು ಪ್ರೀಬಯಾಟಿಕ್ ಪುಡಿ, ಒಂದೇ ಹೊಟ್ಟೆ: ವರ್ಷ ದಾಟಿದ ಮೇಲಿನ ಅಭಿಪ್ರಾಯ

ಐದಕ್ಕೆ ಮೂರು ಸ್ಟಾರ್. ಪುಡಿಗೆ ಜಾಸ್ತಿ ಕೊಡಬಹುದಿತ್ತು, ಡಬ್ಬದ ಮೇಲಿನ ಬರಹ ಕೆಳಗೆ ಎಳೆಯಿತು.

ಪ್ರೀಬಯಾಟಿಕ್ ಅಂದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗೆ ಆಹಾರವಾಗುವ ವಸ್ತು. ಮೊದಲು ತರಿಸಿದ್ದು ಎಫ್‌ಓಎಸ್, ಅಂದರೆ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಘಟಕಗಳ ಗಿಡ್ಡ ಸರಪಳಿ. ನಸು ಸಿಹಿ, ನೀರಿಗೆ ಬಿದ್ದ ತಕ್ಷಣ ಕರಗುತ್ತದೆ. ಆದರೆ ಡಬ್ಬದಲ್ಲಿ ಹೇಳಿದ ಅಳತೆ ತೆಗೆದುಕೊಂಡ ದಿನವೆಲ್ಲ ಹೊಟ್ಟೆ ಗುಡುಗುಡು, ಉಬ್ಬರ. ಆಮೇಲೆ ಅದೇ ಕಂಪನಿಯ ಉದ್ದ ಸರಪಳಿಯ ಇನ್ಯುಲಿನ್ (ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಲ್ಲ, ಇದು ಗಿಡದ ನಾರು). ಇದಕ್ಕೆ ಸಿಹಿಯೇ ಇಲ್ಲ. ತಣ್ಣೀರಿಗೆ ಹಾಕಿದರೆ ಗಂಟು ಗಂಟಾಗಿ ಲೋಟದ ತಳದಲ್ಲಿ ಕೂರುತ್ತದೆ, ಬಿಸಿ ನೀರೇ ಬೇಕು. ಹೊಟ್ಟೆ ಮಾತ್ರ ಎಷ್ಟೋ ಆರಾಮ.

ಎರಡೂ ಫ್ರಕ್ಟೋಸೇ ಅಲ್ವಾ, ಮತ್ತೆ ಯಾಕೆ ಹೀಗೆ? ಫ್ರಕ್ಟೋಸ್‌ಗಳನ್ನು ಜೋಡಿಸಿರುವ ಈ ಕೊಂಡಿ ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಹಾಗಾಗಿ ಎರಡೂ ಜೀರ್ಣವಾಗದೆ ದೊಡ್ಡ ಕರುಳು ಸೇರುತ್ತವೆ. ಗಿಡ್ಡ ಸರಪಳಿ ಅಲ್ಲಿಗೆ ಹೋದ ಕೂಡಲೇ ಬ್ಯಾಕ್ಟೀರಿಯಾಗಳಿಂದ ಹುಳಿಯುತ್ತದೆ, ಗ್ಯಾಸ್ ಒಟ್ಟಿಗೇ ಏಳುತ್ತದೆ. ಇನ್ಯುಲಿನ್‌ನಲ್ಲಿ 60ರವರೆಗೂ ಸಕ್ಕರೆ ಘಟಕ ಇರಬಹುದು. ಅದು ನಿಧಾನಕ್ಕೆ, ಇನ್ನಷ್ಟು ಮುಂದೆ ಸಾಗುತ್ತಾ ಹುಳಿಯುತ್ತದೆ.

ಅಲ್ಲಿ ಇದನ್ನು ತಿನ್ನುವ ಬ್ಯಾಕ್ಟೀರಿಯಾ ಯಾವುವು ಅನ್ನುವುದು ಇನ್ನೂ ಮಜಾ. ಬೈಫಿಡೋಬ್ಯಾಕ್ಟೀರಿಯಾ ಬಾಗಿಲು ಹಾಕಿಕೊಂಡು ಉಣ್ಣುವ ಪೈಕಿ. ಸಣ್ಣ ತುಂಡನ್ನು ಇಡಿಯಾಗಿ ಒಳಗೆಳೆದು ಅಲ್ಲೇ ಕತ್ತರಿಸುತ್ತವೆ. ಹೊರಗೆ ಬಿಡುವುದು ಅಸಿಟೇಟ್ ಮತ್ತು ಲ್ಯಾಕ್ಟೇಟ್ ಎಂಬ ಆಮ್ಲಗಳನ್ನು. ಹೈಡ್ರೋಜನ್ ಗ್ಯಾಸ್ ಬಿಡುವುದು ಇವಲ್ಲ, ಬೇರೆಯವು. ಬ್ಯಾಕ್ಟೀರಾಯ್ಡಿಸ್ ಓವೇಟಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇನ್ಯುಲಿನನ್ನು ಹೊರಗಡೆಯೇ ಕತ್ತರಿಸುತ್ತದೆ, ಚೂರು ಅಕ್ಕಪಕ್ಕದವಕ್ಕೂ ಸಿಗುತ್ತದೆ. ಅದರ ಸಂಬಂಧಿ ಥೀಟಾಅಯೋಟಾಮೈಕ್ರಾನ್‌ಗೆ ಲೆವಾನ್ ಕೊಟ್ಟರೆ ಖುಷಿ, ಇನ್ಯುಲಿನ್ ಮೇಲೆ ಸರಿಯಾಗಿ ಬೆಳೆಯುವುದಿಲ್ಲ. ಲೆವಾನ್ ಕೂಡ ಫ್ರಕ್ಟೋಸ್ ಸರಪಳಿಯೇ, ಕೊಂಡಿ ಬೀಳುವ ಜಾಗ ಬೇರೆ ಅಷ್ಟೇ.

ನನ್ನ ತಕರಾರು ಇಲ್ಲೇ. ‘ಬೈಫಿಡೋ ಬೆಳೆಸುತ್ತದೆ, ಬ್ಯುಟಿರೇಟ್ ಹೆಚ್ಚಿಸುತ್ತದೆ’ ಎಂದು ಡಬ್ಬ ಒಂದೇ ಉಸಿರಲ್ಲಿ ಹೇಳುತ್ತದೆ. ಬ್ಯುಟಿರೇಟ್ ಅಂದರೆ ಕರುಳಿನ ಗೋಡೆಯ ಕೋಶಗಳಿಗೆ ಆಹಾರವಾಗುವ ಆಮ್ಲ. ಬೈಫಿಡೋ ಬ್ಯುಟಿರೇಟ್ ಮಾಡುವುದೇ ಇಲ್ಲ! ಅದು ಬಿಟ್ಟ ಅಸಿಟೇಟನ್ನು ಫೀಕಾಲಿಬ್ಯಾಕ್ಟೀರಿಯಂ, ಲ್ಯಾಕ್ಟೇಟನ್ನು ಅನಾಯ್ರೋಬ್ಯುಟಿರಿಕಂ ಎಂಬ ಬೇರೆ ಬ್ಯಾಕ್ಟೀರಿಯಾಗಳು ಬಳಸಿಕೊಂಡು ಬ್ಯುಟಿರೇಟ್ ಮಾಡಬೇಕು. ಅವು ನಿಮ್ಮ ಕರುಳಲ್ಲಿ ಎಷ್ಟಿವೆ ಅಂತ ಡಬ್ಬಕ್ಕೇನು ಗೊತ್ತು? ಅದೇ ಚಮಚ ನನಗೊಂದು ಥರ, ನಿಮಗೊಂದು ಥರ. ಸರಪಳಿಯ ಉದ್ದವನ್ನಾದರೂ ದೊಡ್ಡ ಅಕ್ಷರದಲ್ಲಿ ಹಾಕಬಹುದಿತ್ತು. ಅದೂ ಇಲ್ಲ.

ಮಲಬದ್ಧತೆಗೆ ಇನ್ಯುಲಿನ್ ನನಗೆ ಖಂಡಿತ ಕೆಲಸ ಮಾಡಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿದ್ದೂ ಇದನ್ನೇ: ದಿನಕ್ಕೆ 12 ಗ್ರಾಂ ಚಿಕೋರಿ ಇನ್ಯುಲಿನ್ ತೆಗೆದುಕೊಂಡರೆ ಮಲವಿಸರ್ಜನೆ ಹೆಚ್ಚುತ್ತದೆ. ಚರ್ಮ ಹೊಳೆಯುತ್ತದೆ, ಮನಸ್ಸು ಹಗುರಾಗುತ್ತದೆ ಅನ್ನುವುದೆಲ್ಲ ನನಗಂತೂ ಕಾಣಲಿಲ್ಲ.

ಅರ್ಧ ಚಮಚದಿಂದ ಶುರು ಮಾಡಿ, ವಾರಕ್ಕಿಷ್ಟು ಅಂತ ಏರಿಸಿ. ಹುಳಿ ಇರುವ ಬಿಸಿ ಪಾನೀಯದಲ್ಲಿ ಕುದಿಸಬೇಡಿ, ಸರಪಳಿ ಮುರಿಯುತ್ತದೆ. ಮುಚ್ಚಳ ಬಿಗಿಯಾಗಿರಲಿ, ಪುಡಿ ತೇವ ಎಳೆದು ಕಲ್ಲಾಗುತ್ತದೆ. ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕೊಡುವ ಕರುಳಿನ ತೊಂದರೆ) ಇದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ತರಿಸಬೇಡಿ, ಈ ಸಕ್ಕರೆಗಳೇ ಅವರಿಗೆ ತೊಂದರೆ ಕೊಡುವ ಪಟ್ಟಿಯಲ್ಲಿವೆ. ಎಫ್‌ಓಎಸ್ ಇನ್ನು ಕೊಳ್ಳುವುದಿಲ್ಲ. ಇನ್ಯುಲಿನ್ ಮತ್ತೆ ಕೊಳ್ಳುತ್ತೇನೆ, ಚಿಕ್ಕ ಡಬ್ಬ ಬಂದರೆ ಇನ್ನೂ ಒಳ್ಳೆಯದು.