ಬಾತ್‌ಟಬ್ ಸಂದಿಗೆ ನ್ಯೂಟ್ರಲ್ ಸಿಲಿಕೋನ್: ಎರಡು ವರ್ಷಗಳ ಬಳಕೆಯ ನಂತರ

ಕಲಬುರಗಿಯಲ್ಲಿ ನಾವು ಕೊಂಡ ಹಳೆಯ ಮನೆಯ ಬಚ್ಚಲಿನಲ್ಲಿ ಹಿಂದಿನ ಮಾಲೀಕರು ಅಕ್ರಿಲಿಕ್ ಬಾತ್‌ಟಬ್ ಕೂಡಿಸಿ, ಅದರ ಸುತ್ತಲಿನ ಗೋಡೆಗೆ ಪಾಲಿಶ್ ಮಾಡಿದ ಶಹಾಬಾದ್ ಫರ್ಸಿ (ಕಲ್ಲಿನ ಚಪ್ಪಡಿ) ಹಾಕಿಸಿದ್ದರು. ಟಬ್ಬು ಮತ್ತು ಫರ್ಸಿ ಕೂಡುವ ಸಂದಿಯಲ್ಲಿದ್ದ, ರಬ್ಬರಿನಂತೆ ಬಾಗುವ ಸಿಲಿಕೋನ್ ಬೂಷ್ಟು ಹಿಡಿದು ಕಪ್ಪಾಗಿ, ಅಲ್ಲಲ್ಲಿ ಬಿಟ್ಟುಕೊಂಡು, ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿ ತೇವ ಕಾಣಿಸತೊಡಗಿತ್ತು. ಬಿಳಿ ಸಿಮೆಂಟ್ ತುಂಬಿದರೆ ಸಾಕೆಂದು ಗವಂಡಿ ಹೇಳಿದರು. ಆದರೆ ನೀರು ತುಂಬಿದಾಗ ಅಕ್ರಿಲಿಕ್ ಟಬ್ಬು ತುಸು ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ಒಂದು ಬದಿಗೆ ಯಾರೋ ಮೊದಲೇ ತುಂಬಿದ್ದ ಬಿಳಿ ಸಿಮೆಂಟು ಉದ್ದಕ್ಕೂ ಬಿರುಕು ಬಿಟ್ಟಿದ್ದನ್ನು ನೋಡಿ, ಸಿಲಿಕೋನನ್ನೇ ನಾನೇ ಹಾಕುವುದೆಂದು ನಿರ್ಧರಿಸಿದೆ.

ಅಂಗಡಿಯಲ್ಲಿ ಮೊದಲು ತೋರಿಸಿದ ಅಗ್ಗದ ಟ್ಯೂಬನ್ನು ನಾನು ಕೊಳ್ಳಲಿಲ್ಲ. ಅದು ಒಣಗುವಾಗ ವಿನೆಗರ್ ವಾಸನೆ ಬರುವ ಬಗೆಯದು, ಅಂದರೆ ಅಸಿಟಿಕ್ ಆಮ್ಲ ಬಿಡುವಂಥದ್ದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಮ್ಲ ಅದನ್ನು ತಿನ್ನುತ್ತದೆ. ಆಗ ಸಿಲಿಕೋನಿನ ಹಿಡಿತವೂ ಸಡಿಲವಾಗುತ್ತದೆ. ಹೀಗಾಗಿ ನಮ್ಮ ಭಾಗದ ಫರ್ಸಿ ಮನೆಗಳಿಗೆ, ಟ್ಯೂಬಿನ ಮೇಲೆ 'ನ್ಯೂಟ್ರಲ್ ಕ್ಯೂರ್' (ಒಣಗುವಾಗ ಇಂಥ ಆಮ್ಲ ಬಿಡದ ಬಗೆ) ಎಂದೂ, ಬೂಷ್ಟು ತಡೆಯುವ 'ಸ್ಯಾನಿಟರಿ' ದರ್ಜೆಯೆಂದೂ ಬರೆದಿರುವುದೇ ಸರಿ. ಕೆಲವು ಸಿಲಿಕೋನ್‌ಗಳ ಎಣ್ಣೆಯಂಶ ಕಲ್ಲಿಗೆ ಇಳಿದು ಕಲೆ ಮಾಡುವುದುಂಟು; ಆದ್ದರಿಂದ ಮನೆಯಲ್ಲಿ ಉಳಿದಿದ್ದ ಫರ್ಸಿಯ ತುಂಡೊಂದರ ಮೇಲೆ ಹಚ್ಚಿ ಒಂದು ವಾರ ನೋಡಿದ ಮೇಲೆಯೇ ಕೆಲಸಕ್ಕೆ ಇಳಿದೆ.

ಶ್ರಮವೆಲ್ಲ ಹಳೆಯದನ್ನು ತೆಗೆಯುವುದರಲ್ಲಿದೆ. ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಅಂಟುವುದಿಲ್ಲ. ತೆಳ್ಳನೆಯ ಪೊರೆ ಉಳಿದರೂ ಆ ಜಾಗ ಮುಂದೆ ಬಿಟ್ಟುಕೊಳ್ಳುತ್ತದೆ. ಕಲ್ಲಿನ ಕಡೆ ಬ್ಲೇಡಿನಿಂದ, ಗೀರು ಬೀಳುವ ಟಬ್ಬಿನ ಕಡೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯುತ್ತ ಮೂರು ಸಂಜೆ ಕಳೆದೆ. ಬೋರ್‌ವೆಲ್ ನೀರಿನಿಂದ ಕಟ್ಟಿದ್ದ ಬಿಳಿ ಉಪ್ಪಿನ ಪದರವನ್ನೂ ಕೆರೆದೇ ತೆಗೆದೆ, ಏಕೆಂದರೆ ಶೌಚಾಲಯ ತೊಳೆಯುವ ಆಮ್ಲವನ್ನು ಈ ಕಲ್ಲಿಗೆ ಸೋಕಿಸಬಾರದು. ಬಳಿಕ ಸ್ಪಿರಿಟ್‌ನಿಂದ ಒರೆಸಿ, ಎರಡು ದಿನ ಫ್ಯಾನ್ ಗಾಳಿಗೆ ಸಂದಿಯನ್ನು ಒಣಗಿಸಿದೆ.

ಹಾಕುವ ಮುನ್ನ ಟಬ್ಬಿಗೆ ನೀರು ತುಂಬಬೇಕು. ಭಾರಕ್ಕೆ ಸಂದು ಪೂರ್ತಿ ತೆರೆದಾಗಲೇ ಸಿಲಿಕೋನ್ ತುಂಬಿದರೆ ಮುಂದೆ ಅದು ಎಳೆದು ಹರಿಯುವ ಭಯ ಕಡಿಮೆ. ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಅದನ್ನು ಒತ್ತುವ ಗನ್ನಿನಿಂದ ಒಂದೇ ಎಳೆಯಾಗಿ ಹಾಕಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಸವರಿ, ಪೊರೆಗಟ್ಟುವ ಮೊದಲೇ ಟೇಪ್ ಕಿತ್ತೆ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮಲ್ಲಿ ಫೆಬ್ರುವರಿಯ ಗಾಳಿ ಒಣಗಿರುವುದರಿಂದ 24 ಗಂಟೆ ಸಾಲದೆಂದು 3 ದಿನ ಬಿಟ್ಟು ನೀರು ಖಾಲಿ ಮಾಡಿದೆ.

ಎರಡು ಬೇಸಿಗೆ, ಎರಡು ಮಳೆಗಾಲ ಕಳೆದಿವೆ. ಉದ್ದನೆಯ ಬದಿಗಳಲ್ಲಿ ಬಿರುಕಿಲ್ಲ, ಕಲ್ಲಿಗೆ ಕಲೆಯಿಲ್ಲ, ಪಕ್ಕದ ಕೋಣೆಯ ಗೋಡೆ ಒಣಗಿದ್ದರಿಂದ ಅದಕ್ಕೆ ಹೊಸ ಬಣ್ಣ ಹೊಡೆಸಿದ್ದೇವೆ. ನಲ್ಲಿಯ ಕೆಳಗಿನ ಮೂಲೆಯೊಂದು ಮಾತ್ರ ಹದಿನಾಲ್ಕನೆಯ ತಿಂಗಳಿನಲ್ಲಿ ಎದ್ದಿತು; ಕಿತ್ತು ನೋಡಿದಾಗ ಅಡಿಯಲ್ಲಿ ಹಳೆಯ ಸಿಲಿಕೋನಿನ ಚೂರು ಉಳಿದಿತ್ತು, ಅದು ಪದಾರ್ಥದ ದೋಷವಲ್ಲ. ಮೇಲಿನ ಬೂಷ್ಟು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ಸ್ನಾನದ ನಂತರ ಕಿಟಕಿ ತೆರೆದಿಡದ ವಾರಗಳಲ್ಲಿ ಬೇಗ ಮರಳುತ್ತದೆ. ಆ ಮೂಲೆಗೆ ಹೊಸ ಟ್ಯೂಬನ್ನೇ ಕೊಳ್ಳಬೇಕಾಯಿತು; ತೆರೆದಿಟ್ಟಿದ್ದ ಹಳೆಯದು ಅಷ್ಟರಲ್ಲಿ ಒಳಗೇ ಗಟ್ಟಿಯಾಗಿತ್ತು.