ಬೆಳಗಿನ ಐಸ್ ಹಾಕಿಗೆ ಪಾಸ್ ತಗೊಳ್ಳಿ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ

ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪಂದ್ಯ ನೋಡೋಕೆ ಅಂತ ಒಂದು ಆ್ಯಪ್‌ನ ತಿಂಗಳ ಪಾಸ್ ತಗೊಂಡಿದ್ದೆ. ಹೆಸರು ಬೇಡ ಬಿಡಿ, ಬೈಗುಳವೂ ಸ್ವಲ್ಪ ಇದೆ. ಕೊಟ್ಟ ದುಡ್ಡಿಗೆ ಮೋಸ ಆಗಲಿಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ.

ಚಿತ್ರ ಚೆನ್ನಾಗಿದೆ. ಕುವೆಂಪುನಗರದ ನಮ್ಮ ಮನೆ ವೈಫೈನಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಆದ್ರೆ ಮೊಬೈಲಿನಲ್ಲಿ ನೋಡಬೇಡಿ. ಪಕ್ ಅಂದ್ರೆ 7.6 ಸೆಂ.ಮೀ. ಅಗಲದ ಕಪ್ಪು ರಬ್ಬರ್ ಬಿಲ್ಲೆ. ಅದು ಪಟ್ಟಂತ ಗೋಲಿನೊಳಗೆ ಹೋದಾಗ ಸಣ್ಣ ಪರದೆಯಲ್ಲಿ ಕಾಣೋದು ಆಟಗಾರರು ಕೈ ಎತ್ತಿದ್ದು ಮಾತ್ರ. ಟಿವಿಗೆ ಹಾಕಿದ ಮೇಲೇ ಆಟ ಅರ್ಥವಾಗಿದ್ದು.

ನಾನು ಹೇಳ್ತಿರೋದು 2025ರ ಸ್ಟ್ಯಾನ್ಲಿ ಕಪ್ ಫೈನಲ್‌ನ, ಅಂದ್ರೆ ಈ ಲೀಗಿನ ಫೈನಲ್ ಸರಣಿಯ, 4ನೇ ಪಂದ್ಯ. ಅಲ್ಲಿ ಫ್ಲೋರಿಡಾದಲ್ಲಿ ಜೂನ್ 12ರ ರಾತ್ರಿ 8 ಗಂಟೆ, ನಮಗೆ ಶುಕ್ರವಾರ ಬೆಳಗ್ಗೆ 5.30. ಹಾಲಿನವನಿಗಿಂತ ಮುಂಚೆ ಎದ್ದು ಕೂತಿದ್ದೆ. ಸ್ಟಾರ್ ಆಟಗಾರ ಮೆಕ್‌ಡೇವಿಡ್ ಇದ್ದಾನೆ ಅಂತ ನಾನು ಕೆನಡಾದ ಎಡ್ಮಂಟನ್ ತಂಡದ ಕಡೆ. ಸರಣಿಯಲ್ಲಿ ಫ್ಲೋರಿಡಾ ಆಗಲೇ 2-1 ಮುಂದಿತ್ತು. ಆಟದ ಮೂರು ಪೀರಿಯಡ್‌ಗಳಲ್ಲಿ ಮೊದಲನೆಯದು ಮುಗಿಯುವಷ್ಟರಲ್ಲಿ ಫ್ಲೋರಿಡಾ 3-0! ಅದರಲ್ಲಿ ಎರಡು ಟ್ಕಾಚುಕ್ ಹೊಡೆದಿದ್ದು, ಎರಡೂ ಪವರ್ ಪ್ಲೇನಲ್ಲಿ, ಅಂದ್ರೆ ಎದುರಾಳಿ ಕಡೆ ಆಟಗಾರರು ಕಡಿಮೆ ಇದ್ದಾಗ. ನಮ್ಮವರು ಸುಮ್ನೆ ತಪ್ಪು ಮಾಡಿ ಹೊರಗೆ ಕೂತಿದ್ದರ ಫಲ.

ಅಷ್ಟರಲ್ಲಿ ಮಾವ ಎದ್ದು ಬಂದರು. ಕೊಡಗಿನ ಕುಟುಂಬಗಳ ಹಾಕಿ ಟೂರ್ನಿಗೆ ಬೈಕಲ್ಲೇ ಹೋಗಿ ಬರ್ತಿದ್ದವರು. ಹಾಕಿ ಅಂದ್ರೆ ಅವರಿಗೆ ಅದೇ. "ಏನಮ್ಮಾ, ಗೋಡೆಗೆ ಒತ್ತಿ ಗುದ್ದುತ್ತಾನಲ್ಲ, ರೆಫ್ರಿ ನಿದ್ದೆ ಮಾಡ್ತಿದಾನಾ?" ಅಂದರು. "ಪಕ್ ಅವನ ಹತ್ರ ಇದ್ದಾಗ ಹಾಗೆ ಗುದ್ದಬಹುದು ಮಾವ" ಅಂದೆ. ನಂಬಲಿಲ್ಲ. ಆದ್ರೆ ಎದ್ದೂ ಹೋಗಲಿಲ್ಲ. ಎಡ್ಮಂಟನ್ ತನ್ನ ಗೋಲ್‌ಕೀಪರ್ ಸ್ಕಿನ್ನರ್‌ನನ್ನು ಕೂರಿಸಿ ಪಿಕಾರ್ಡ್‌ನನ್ನು ಇಳಿಸಿದಾಗ "ಇದು ಸರಿ" ಅಂತ ತೀರ್ಪು ಕೊಟ್ಟರು.

ಎರಡನೇ ಪೀರಿಯಡ್‌ನಲ್ಲಿ ಎಡ್ಮಂಟನ್ ಮೂರು ಗೋಲು ಹೊಡೆದು 3-3 ಮಾಡಿತು. ಮೂರನೆಯದರಲ್ಲಿ ವಾಲ್‌ಮನ್ 4-3 ಮಾಡಿದ. ಇನ್ನೇನು ಗೆದ್ದೆವು ಅಂತ ಸೋಫಾ ತುದಿಯಲ್ಲಿ ಕೂತಿದ್ದೀನಿ. ಫ್ಲೋರಿಡಾ ತನ್ನ ಗೋಲ್‌ಕೀಪರನ್ನೂ ಹೊರಗೆ ಕರೆದು ಆರು ಜನರನ್ನ ಮುಂದೆ ಬಿಟ್ಟಿದೆ. ಟಿವಿಯಲ್ಲಿ ಗಡಿಯಾರ ಇನ್ನೂ ಓಡ್ತಿದೆ. ಆಗ ಟೀಪಾಯ್ ಮೇಲಿದ್ದ ಫೋನ್ ಝುಂಯ್ ಅಂತು. "ಗೋಲ್! ರೈನ್‌ಹಾರ್ಟ್, 4-4." ಅದೇ ಆ್ಯಪ್ ಕಳಿಸಿದ್ದು! ಟಿವಿಯಲ್ಲಿ ಆ ಗೋಲು ಬಂದಿದ್ದು ಆಮೇಲೆ, ಗಡಿಯಾರದಲ್ಲಿ 19.5 ಸೆಕೆಂಡ್ ಉಳಿದಿದ್ದಾಗ. ನೇರ ಪ್ರಸಾರ ಅಂತ ದುಡ್ಡು ಇಸ್ಕೊಂಡು, ಆ ಪ್ರಸಾರಕ್ಕಿಂತ ಮುಂಚೆ ತಾವೇ ಗುಟ್ಟು ಬಿಟ್ಟುಕೊಟ್ಟರೆ ಹೇಗೆ ಸ್ವಾಮಿ? ಮದುವೆ ಊಟದಲ್ಲಿ ಪಾಯಸ ಬಡಿಸೋಕೆ ಮುಂಚೆ ಎಲೆ ಎತ್ತಿದ ಹಾಗಾಯ್ತು. ಫೋನ್ ಅಡುಗೆಮನೆಗೆ ಹೋಯ್ತು.

ಪ್ಲೇಆಫ್‌ನಲ್ಲಿ, ಅಂದ್ರೆ ಕಪ್‌ಗಾಗಿ ಆಡೋ ನಾಕೌಟ್ ಸುತ್ತುಗಳಲ್ಲಿ, ಶೂಟೌಟ್ ಇಲ್ಲ. 20 ನಿಮಿಷದ ಓವರ್‌ಟೈಮ್, ಮೊದಲು ಗೋಲು ಹೊಡೆದವರು ಗೆದ್ದ ಹಾಗೆ. ಹನ್ನೆರಡನೇ ನಿಮಿಷದಲ್ಲಿ ನಮ್ಮ ಎಡ್ಮಂಟನ್‌ನ ಡ್ರೈಸೈಟ್ಲ್ ಒಂದೇ ಕೈಯಲ್ಲಿ ತಳ್ಳಿದ ಪಕ್ ಒಳಗೆ ಹೋಯ್ತು. ಒಂದೇ ವರ್ಷದ ಪ್ಲೇಆಫ್‌ನಲ್ಲಿ ಅವನಿಗೆ ಓವರ್‌ಟೈಮ್‌ನಲ್ಲೇ ನಾಲ್ಕು ಗೋಲು, ಅದು ದಾಖಲೆ. ನಾನು ಕೂಗಿದ್ದಕ್ಕೆ ಪಕ್ಕದ ಮನೆ ನಾಯಿ ಬೊಗಳಿತು. ಮಾವ ಚಪ್ಪಾಳೆ ತಟ್ಟಿ, "ಇಷ್ಟೊತ್ತು ಆಡಿಸಬಾರದು, ತಿಂಡಿ ತಡ ಆಗುತ್ತೆ" ಅಂದರು. ಆಫೀಸಿಗೂ ತಡವಾಯ್ತು ಅನ್ನಿ. ಕೊನೆಗೆ ಕಪ್ ಫ್ಲೋರಿಡಾ ಪಾಲಾಯ್ತು, ಆದ್ರೆ ಆ ಬೆಳಗ್ಗೆಗೇ ನನ್ನ ಪಾಸ್ ದುಡ್ಡು ವಸೂಲಾಗಿತ್ತು.

ಇನ್ನೆರಡು ದೂರು. ವಿರಾಮದಲ್ಲಿ ಒಂದೇ ಜಾಹೀರಾತು ಸುತ್ತಿ ಸುತ್ತಿ ಬರುತ್ತೆ. ಮ್ಯೂಟ್ ಮಾಡಿ ಕಾಫಿ ಸೋಸಿಕೊಳ್ಳಿ, ಟೈಮ್ ಧಾರಾಳ ಇರುತ್ತೆ. ಇನ್ನೊಂದು, ಮರುಪ್ರಸಾರದ ಪಟ್ಟಿಯಲ್ಲಿ ಚಿತ್ರದ ಮೇಲೇ ಸ್ಕೋರ್ ಬರೆದಿರ್ತಾರೆ. ಆಫೀಸ್ ಮುಗಿಸಿ ಸಂಜೆ ನೋಡೋಣ ಅನ್ನೋರಿಗೆ ಈ ಪಾಸ್ ಬೇಡ. ಬೆಳಗ್ಗೆ ಏಳೋಕಾದ್ರೆ ಮಾತ್ರ ತಗೊಳ್ಳಿ.