ಬೇಣದ ಹೂ ನೋಡಲು ಮಡಚು ಲೆನ್ಸ್: 10 ಪಟ್ಟು ಸಾಕು

ಆಗಸ್ಟ್ ಬಂತೆಂದರೆ ಭಟ್ಕಳ, ಕುಮಟಾ ಕಡೆಯ ಚಿರೇಕಲ್ಲಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಅಲ್ಲಲ್ಲಿ ನೀಲಿ ಚೆಲ್ಲಿದಂತಿರುತ್ತದೆ. ನಿಂತು ನೋಡಿದರೆ ಒಂದೇ ಹೂ, ಕೂತು ನೋಡಿದರೆ ಮೂರ್ನಾಲ್ಕು ಜಾತಿ. ಅದನ್ನು ಬಿಡಿಸಲು 21 ಮಿ.ಮೀ. ಅಗಲದ, ಮೂರು ಗಾಜು ಅಂಟಿಸಿದ 10 ಪಟ್ಟಿನ ಟ್ರಿಪ್ಲೆಟ್ ಲೆನ್ಸ್ ಸಾಕು. ಒಂದೇ ಗಾಜಿನದರಲ್ಲಿ ಅಂಚಿಗೆ ಬಣ್ಣದ ಗೆರೆ ಬಂದು ರೋಮ ಯಾವುದು, ನೆರಳು ಯಾವುದು ತಿಳಿಯುವುದಿಲ್ಲ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ‘30×21’ ಗುರುತಿನವು ಹೆಚ್ಚಾಗಿ ಸುಳ್ಳು. ಪರೀಕ್ಷೆ ಸುಲಭ: ನಿಜವಾದ 30 ಪಟ್ಟಿಗೆ ಹೂ ಗಾಜಿನಿಂದ 8 ಮಿ.ಮೀ. ಹತ್ತಿರ ಬರಬೇಕು. ಎರಡೂವರೆ ಸೆಂ.ಮೀ. ದೂರದಲ್ಲೇ ಸ್ಪಷ್ಟವಾಯಿತೇ? ಅದು 10 ಪಟ್ಟಿನದು. ನಿಜವಾಗಿ 30 ಇದ್ದರೂ ಗಾಳಿಗೆ ಅಲುಗುವ ಹೂವಿಗೆ ಅದು ಕೆಲಸಕ್ಕೆ ಬಾರದು.

ಹಿಡಿಯುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಲೆನ್ಸ್ ಹಿಡಿದ ಕೈ ಕೆನ್ನೆಗೆ ತಾಗಿರಲಿ, ಕಣ್ಣಿಗೆ ಅಂಟಿದಷ್ಟು ಹತ್ತಿರ. ಆಮೇಲೆ ಹೂವನ್ನು ಅದರ ಹತ್ತಿರಕ್ಕೆ ತನ್ನಿ. ನೆಲದ ಹೂವಾದರೆ ತಲೆಯೇ ಬಗ್ಗಬೇಕು. ಒದ್ದೆ ದಳಕ್ಕೆ ಎಲ್ಇಡಿ ಬೆಳಕು ಹಾಯಿಸಿದರೆ ಬರೀ ಹೊಳಪು. ಮೊದಲು ಟಿಶ್ಯೂ ತಾಗಿಸಿ ನೀರು ತೆಗೆಯಿರಿ.

ಯುಟ್ರಿಕ್ಯುಲೇರಿಯಾ ಎಂಬ ಸಣ್ಣ ಕೀಟಾಹಾರಿ ಗಿಡಗಳಲ್ಲಿ ಲೆನ್ಸಿನ ಬೆಲೆ ಗೊತ್ತಾಗುತ್ತದೆ. ಹುಲ್ಲಿಗೆ ಸುತ್ತಿಕೊಂಡು ಏಳುವ, ಬಿಳಿ ಮಚ್ಚೆಯ ಮೇಲೆ ನೇರಳೆ ಬಲೆಯಿರುವ ರೆಟಿಕ್ಯುಲೇಟಾ ಜಾತಿಗೆ ಲೆನ್ಸ್ ಬೇಕಿಲ್ಲ. ಗೊಂದಲವಿರುವುದು ಗ್ರಾಮಿನಿಫೋಲಿಯಾ ಮತ್ತು ಸೆರೂಲಿಯಾದಂಥ ಸಣ್ಣ ಹೂಗಳಲ್ಲಿ. ದಳ ಬಿಡಿ, ಬಣ್ಣ ಮೋಸ ಮಾಡುತ್ತದೆ. ಹೂತೊಟ್ಟಿನ ಬುಡದಲ್ಲಿ ಒಂದೆರಡು ಮಿ.ಮೀ.ಯ ಚಿಕ್ಕ ಎಲೆಯಿದೆ, ಅದನ್ನು ನೋಡಿ. ಆ ಎಲೆ ತನ್ನ ಬುಡದಲ್ಲಿ ಅಂಟಿದ್ದರೆ ಗ್ರಾಮಿನಿಫೋಲಿಯಾ. ನಡುವಿನಲ್ಲಿ ಅಂಟಿ, ಮೇಲೂ ಕೆಳಗೂ ತುದಿ ಬಿಡಿಯಾಗಿದ್ದರೆ ಸೆರೂಲಿಯಾ. ಇದಕ್ಕಾಗಿ ಗಿಡ ಕೀಳುವ ಅಗತ್ಯವೇ ಇಲ್ಲ.

ಕನ್ನೆಸೊಪ್ಪಿನಲ್ಲೂ ಹಾಗೇ. ಹೂ ಹೊರಡುವ ಹಸಿರು ಹೊದಿಕೆ ಬುಡದಲ್ಲಿ ಕೂಡಿಕೊಂಡು ದೊನ್ನೆಯಂತಿದ್ದು, ಎಲೆಗವಚದ ಬಾಯಲ್ಲಿ ಕೆಂಗಂದು ರೋಮವಿದ್ದರೆ ಕಾಮೆಲಿನಾ ಬೆಂಗಾಲೆನ್ಸಿಸ್. ಕವಳಕ್ಕೆ ಮಡಚಿದ ವೀಳ್ಯದೆಲೆಯಂತೆ ಅಂಚು ಬಿಡಿಯಾಗಿದ್ದರೆ ಡಿಫ್ಯೂಸಾ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಹೂ ಮುದುಡಿರುತ್ತದೆ. ವಿಷ್ಣುಕ್ರಾಂತಿಯಲ್ಲಿ ಎರಡು ಶಲಾಕೆ (ಹೂವಿನ ಹೆಣ್ಣುಭಾಗದ ಎಳೆ), ಒಂದೊಂದೂ ಕವಲೊಡೆದು ನಾಲ್ಕು ತುದಿ; ಅದೂ ಚೆನ್ನಾಗಿ ಕಾಣುತ್ತದೆ.

ಲೆನ್ಸ್ ಸೋಲುವುದು ಬಿಳಿ ಅಂಗಿಗುಂಡಿಯಂಥ ಹೂಗುಚ್ಛದ ಎರಿಯೊಕಾಲಾನ್ ಗಿಡಗಳ ಮುಂದೆ. ಅಲ್ಲಿ ಹೂಗುಚ್ಛ ಬಿಡಿಸಿ, ಬೀಜದ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಈ ಲೆನ್ಸಿನಿಂದ ಜಾತಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಕರಾವಳಿಯ ಮಳೆಗಾಲಕ್ಕೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಇನ್ನು ಲೆನ್ಸಿಗೆ ಕಟ್ಟುವ ದಾರ ಕೆಂಪಿರಲಿ. ಕರೀ ದಾರದ್ದು ಹುಲ್ಲಿಗೆ ಬಿದ್ದರೆ ಹುಡುಕುವುದೇ ಕೆಲಸ.